ನಿಷೇಧವಿದ್ದರೂ ಬೇಟೆನಾಯಿಗಳು ಹೊರಡುವುದು ಹೇಗೆ?

ಇಂಗ್ಲೆಂಡಿನಲ್ಲಿ ನರಿಬೇಟೆ ನಿಷೇಧವಾಗಿದ್ದರೂ ಕ್ರಿಸ್‌ಮಸ್ ಮರುದಿನ ಗ್ಲಾಸ್ಟರ್‌ಶೈರ್‌ನ ಹಳ್ಳಿಯೊಂದರಲ್ಲಿ ಕೆಂಪು ಕೋಟಿನ ಸವಾರರು ನಾಯಿಗಳ ಹಿಂಡಿನೊಂದಿಗೆ ಹೊರಟಿದ್ದು ಹೇಗೆ ಎಂದು ಕೇಳಿದ್ದೀರಿ. ನಿಷೇಧ ನಿಜ. 2004ರ ಹಂಟಿಂಗ್ ಕಾಯ್ದೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2005ರ ಫೆಬ್ರವರಿ 18ರಿಂದ ಜಾರಿಯಲ್ಲಿದೆ. ನೀವು ನೋಡಿದ್ದು ಬಹುಶಃ ‘ಟ್ರೇಲ್ ಹಂಟಿಂಗ್’, ಅಂದರೆ ನರಿಯ ಬದಲು ಮೊದಲೇ ಹಾಕಿಟ್ಟ ವಾಸನೆಯ ಜಾಡನ್ನು ನಾಯಿಗಳು ಹಿಂಬಾಲಿಸುವುದು.

ಒಬ್ಬರು ಮುಂಚೆಯೇ ಕುದುರೆಯಲ್ಲೋ ಕ್ವಾಡ್ ಬೈಕಿನಲ್ಲೋ ಹೋಗಿ, ನರಿಯ ಮೂತ್ರದಂಥ ವಾಸನೆ ಹಚ್ಚಿದ ಬಟ್ಟೆ ಚಿಂದಿಯನ್ನು ಹೊಲ, ಬೇಲಿಸಾಲುಗಳ ಉದ್ದಕ್ಕೂ ಎಳೆದಿರುತ್ತಾರೆ. ಆಮೇಲೆ ಹಂಟ್ಸ್‌ಮನ್ (ಹಿಂಡನ್ನು ನಡೆಸುವವನು) ನಾಯಿಗಳನ್ನು ಬಿಡುತ್ತಾನೆ. ಅವು ನೆಲ ಮೂಸುತ್ತಾ ಹರಡಿಕೊಳ್ಳುತ್ತವೆ. ಒಂದಕ್ಕೆ ಜಾಡು ಸಿಕ್ಕಿ ಕೂಗಿತೆಂದರೆ ಉಳಿದವೂ ದನಿಗೂಡಿಸಿ ಓಡುತ್ತವೆ, ಹಿಂದೆ ಸವಾರರು. ತೊಂದರೆ ಇರುವುದೇ ಇಲ್ಲಿ. ನರಿ ಅಡಗುವ ಪೊದೆಯ ಹತ್ತಿರವೇ ಚಿಂದಿ ಎಳೆದರೆ ನಿಜವಾದ ನರಿಯೇ ಎದ್ದೋಡುತ್ತದೆ, ನಾಯಿಗಳು ಅದರ ಬೆನ್ನು ಹತ್ತುತ್ತವೆ. ಸತ್ತರೆ ‘ಆಕಸ್ಮಿಕ’ ಎನ್ನುತ್ತಾರೆ. ಉದ್ದೇಶವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ನನಗಂತೂ ಇದು ಸುತರಾಂ ಒಪ್ಪಿಗೆಯಿಲ್ಲ. ಸವಾರಿಯ ಖುಷಿ, ನಾಯಿಗಳ ಓಟವಷ್ಟೇ ಬೇಕಿದ್ದರೆ ‘ಡ್ರ್ಯಾಗ್ ಹಂಟಿಂಗ್’ ಇದ್ದೇ ಇದೆ: ಸೋಂಪಿನಂಥ ವಾಸನೆ, ಮೊದಲೇ ಗೊತ್ತುಮಾಡಿದ ದಾರಿ. ಅದರಲ್ಲಿ ನರಿಯ ವಾಸನೆಯನ್ನೇ ಬಳಸುವುದಿಲ್ಲ.

ಸ್ಕಾಟ್ಲೆಂಡ್ ತನ್ನ 2023ರ ಕಾಯ್ದೆಯಲ್ಲಿ ಟ್ರೇಲ್ ಹಂಟಿಂಗನ್ನೂ ನಿಷೇಧಿಸಿತು. ಬ್ರಿಟನ್ನಿನ ಲೇಬರ್ ಪಕ್ಷವೂ 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಇದೇ ಭರವಸೆ ಕೊಟ್ಟಿದೆ, ಅದು ಈಡೇರಲೇಬೇಕು ಎಂಬುದು ನನ್ನ ಆಸೆ. ಮುಂದಿನ ಸಲ ಅಂಥ ಹಿಂಡು ನರಿಯನ್ನೇ ಅಟ್ಟಿಸಿಕೊಂಡು ಹೋಗುವುದು ಕಂಡರೆ ದೂರದಿಂದಲೇ ವಿಡಿಯೊ ಮಾಡಿ, ಜಾಗ, ಸಮಯ ಬರೆದುಕೊಂಡು ಪೊಲೀಸರಿಗೆ ತಿಳಿಸಿ.