ಬಿಟ್ಟುಹೋದ ಚಿತ್ರಕಲೆ, ನಂಬಿಕೆ 46ನೇ ವಯಸ್ಸಿನಲ್ಲಿ ಮತ್ತೆ ಸಿಗುತ್ತವಾ?

ಒಂದು ಕಾಲದಲ್ಲಿ ಚಿತ್ರ ಬಿಡಿಸುತ್ತಿದ್ದೆ, ದೇವರಲ್ಲಿ ನಂಬಿಕೆಯೂ ಇತ್ತು, ಸಂಸಾರ ಮತ್ತು ಕೆಲಸದ ನಡುವೆ ಎರಡೂ ಕೈಬಿಟ್ಟು ಹೋದವು ಅಂತ ಬರೆದಿದ್ದೀರಿ. ಈಗ ತಡವಾಯಿತಾ, ಕೆಲಸ ಬಿಡಬೇಕಾ, ಮನೆಯವರಿಗೆ ಏನು ಹೇಳೋದು ಅಂತ ಕೇಳಿದ್ದೀರಿ. ನನಗೆ ಐವತ್ತು ದಾಟಿದೆ. ಎಷ್ಟೋ ವರ್ಷ ಬಿಟ್ಟಿದ್ದ ಪೆನ್ಸಿಲನ್ನು ಮತ್ತೆ ಹಿಡಿದವಳು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ತಡವಂತೂ ಆಗಿಲ್ಲ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಕ್ಯಾಮೆರಾ ಬಂದಿದ್ದು 1863ರಲ್ಲಿ, ಆಕೆಗೆ 48 ಆಗಿದ್ದಾಗ. ಮಗಳು, ಅಳಿಯ ಕೊಟ್ಟ ಉಡುಗೊರೆ ಅದು. ಇವತ್ತು 19ನೇ ಶತಮಾನದ ದೊಡ್ಡ ಛಾಯಾಗ್ರಾಹಕರ ಸಾಲಿನಲ್ಲಿ ಆಕೆಯ ಹೆಸರಿದೆ. ರವೀಂದ್ರನಾಥ ಟ್ಯಾಗೋರ್ ಮನಸ್ಸಿಟ್ಟು ಚಿತ್ರ ಬಿಡಿಸತೊಡಗಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಹಾಗೇ ಬಿಡದೆ, ಅದರ ಮೇಲೇ ಗೀಚುತ್ತಾ ಗೀಚುತ್ತಾ ಹಕ್ಕಿಯೋ ಮೃಗವೋ ಮಾಡಿಬಿಡುತ್ತಿದ್ದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಆದರೆ ಇಂಥ ಕಥೆಗಳನ್ನು ಜಾಸ್ತಿ ಓದಬೇಡಿ. ಓದುವಾಗ ಹುಮ್ಮಸ್ಸು ಬರುತ್ತದೆ. ಮರುದಿನ ಕಾಗದದ ಮುಂದೆ ಕೂತರೆ 'ಅವರೆಲ್ಲಿ, ನಾನೆಲ್ಲಿ' ಅನಿಸುತ್ತದೆ.

ನನ್ನ ಪ್ರಕಾರ ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಕಣ್ಣಿಗೆ ಈಗ 46, ಕೈಗೆ ಇನ್ನೂ 20. ಇಷ್ಟು ವರ್ಷ ನೀವು ಬಿಡಿಸದಿದ್ದರೂ ನೋಡುತ್ತಲೇ ಇದ್ದಿರಿ, ಅಲ್ವಾ? ಯಾವುದು ಚೆನ್ನಾಗಿದೆ, ಯಾವುದು ಸುಮಾರು ಅಂತ ಥಟ್ಟನೆ ಗೊತ್ತಾಗುತ್ತದೆ. ಕೈ ಮಾತ್ರ ಬಿಟ್ಟ ಜಾಗದಲ್ಲೇ ನಿಂತಿದೆ.

ನಾನು ಮೊದಲು ಬಿಡಿಸಿದ್ದು ನನ್ನದೇ ಎಡಗೈ. ಸದಾ ಎದುರಿಗಿರುತ್ತದೆ, ಹೇಗೆ ಬಿಡಿಸಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ! ಹೆಬ್ಬೆರಳು ಅಂಗೈಯಿಂದ ಹೊರಟಿದೆಯೋ ಮಣಿಕಟ್ಟಿನಿಂದ ಹೊರಟಿದೆಯೋ ತಿಳಿಯುವ ಹಾಗಿರಲಿಲ್ಲ. ಗೆಣ್ಣುಗಳೆಲ್ಲ ಸ್ಕೇಲ್ ಇಟ್ಟು ಎಳೆದಂತೆ ಒಂದೇ ಗೆರೆಯಲ್ಲಿದ್ದವು. ಮುಷ್ಟಿ ಹಿಡಿದು ನೋಡಿ, ಗೆಣ್ಣುಗಳ ಸಾಲು ನೇರವಾಗಿರುವುದಿಲ್ಲ, ಬಾಗಿರುತ್ತದೆ. ಕಿರುಬೆರಳಿನ ಕಡೆ ಇಳಿದುಬಿಡುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಇದು ನನಗೆ ಕಾಣುತ್ತಲೇ ಇರಲಿಲ್ಲ. ಕೆಳಗೆ ಸಹಿ ಹಾಕಿ ಎಲ್ಲರಿಗೂ ತೋರಿಸುತ್ತಿದ್ದೆ.

ಬಹಳ ಜನ ಈ ಹಂತದಲ್ಲೇ ಪುಸ್ತಕ ಮುಚ್ಚಿಡುತ್ತಾರೆ, 'ನನ್ನಲ್ಲಿದ್ದದ್ದು ಹೋಯಿತು' ಅಂತ. ಕೈಗಿದ್ದ ರೂಢಿ ಹೋಗಿದೆ, ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಬಿಡಿಸಿದರೆ ಅದು ವಾಪಸ್ ಬರುತ್ತದೆ. ತಪ್ಪು ಕಾಣುವ ಕಣ್ಣು ಬರಲು ವರ್ಷಗಳೇ ಬೇಕು. ಅದು ಆಗಲೇ ನಿಮ್ಮ ಹತ್ತಿರ ಇದೆ.

ಕಣ್ಣಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗುತ್ತಾ ಹೋಗಿ ಹತ್ತಿರದ್ದು ಮಸುಕಾಗುತ್ತದೆ. ಗೆರೆ ಕೂರುತ್ತಿಲ್ಲ, ತಲೆ ನೋಯುತ್ತಿದೆ ಅಂತಾದರೆ ನಿಮ್ಮನ್ನು ನೀವೇ ಬೈದುಕೊಳ್ಳುವ ಮುಂಚೆ ಕಣ್ಣು ಪರೀಕ್ಷೆ ಮಾಡಿಸಿ.

ನಂಬಿಕೆಯ ವಿಷಯ ಇಷ್ಟು ಸಲೀಸಲ್ಲ. ಹಳೆಯದು ಹಾಗ್ಹಾಗೇ ಮರಳಿ ಬರಲಿ ಅಂತ ಕಾದರೆ ಬಹುಶಃ ಬರುವುದಿಲ್ಲ. ರಷ್ಯಾದ ಲೇಖಕ ಟಾಲ್‌ಸ್ಟಾಯ್‌ಗೆ ಐವತ್ತರ ಹೊತ್ತಿಗೆ ಹೆಸರು, ಆಸ್ತಿ, ಸಂಸಾರ ಎಲ್ಲ ಇತ್ತು. ಆದರೂ 'ಯಾಕೆ ಬದುಕಬೇಕು' ಅನ್ನುವ ಪ್ರಶ್ನೆ ಹಿಂಡಿಹಾಕಿತು. ಕೊನೆಗೆ ಅವರಿಗೆ ನಂಬಿಕೆ ಸಿಕ್ಕಿತು. ಆದರೆ ಅದು ಎಷ್ಟು ಬೇರೆಯಾಗಿತ್ತು ಅಂದರೆ, 1901ರಲ್ಲಿ ರಷ್ಯಾದ ಚರ್ಚೇ ಅವರನ್ನು ಹೊರಗಿಟ್ಟಿತು. ನನ್ನ ಹಳೆಯ ಪ್ರಾರ್ಥನೆ ಅಂದರೆ ಬೇಡಿಕೆಯ ಪಟ್ಟಿ. ಅದು ಕೊಡು, ಇದು ಕೊಡು. ಈಗ ಏನೂ ಕೇಳುವುದಿಲ್ಲ, ಬೆಳಿಗ್ಗೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಕೆಲವು ದಿನ ಏನೋ ಇದೆ ಅನಿಸುತ್ತದೆ, ಕೆಲವು ದಿನ ಬೆನ್ನು ನೋಯುತ್ತದೆ. ಅನುಮಾನ ಪೂರ್ತಿ ಹೋಗಿಲ್ಲ. ಅದು ಹೋಗುವವರೆಗೆ ಕಾಯಬೇಕು ಅಂತಲೂ ಈಗ ಅನಿಸುವುದಿಲ್ಲ.

ಇನ್ನು ಚಿತ್ರಕಲೆಯ ಕನಸು. ಯಾರೂ ನೋಡದಿದ್ದರೂ, ಯಾರೂ ಹೊಗಳದಿದ್ದರೂ ಮಾಡುತ್ತೀರಾ ಅಂತ ಕೇಳಿಕೊಳ್ಳಿ. ದೊಡ್ಡ ಗ್ಯಾಲರಿಯಲ್ಲಿ ನನ್ನ ಚಿತ್ರ ತೂಗಬೇಕು ಅನ್ನುವ ಕನಸು ಈ ಪ್ರಶ್ನೆಗೆ ನಿಲ್ಲಲಿಲ್ಲ. ಬಿಟ್ಟೆ, ಹಗುರವೂ ಆಯಿತು. ಬಿಡಿಸುವ ಆಸೆ ಮಾತ್ರ ಉಳಿದುಕೊಂಡಿತು.

ಕೆಲಸ ಬಿಡಬೇಡಿ. ತುಕ್ಕು ಹಿಡಿದ ಕೈ ಮೇಲೆ ಸಂಪಾದನೆಯ ಭಾರ ಹಾಕಿದರೆ ಇರುವ ಖುಷಿಯೂ ಹೋಗುತ್ತದೆ. ಮನೆಯವರಿಗೆ 'ದಿನಾ ಅರ್ಧ ಗಂಟೆ ನನಗೆ ಬೇಕು, ಆಗ ಕರೆಯಬೇಡಿ' ಅಂದರೆ ಸಾಕು. ಬಿಡಿಸಿದ್ದನ್ನು ತೋರಿಸಲೇಬೇಕು ಅಂತೇನಿಲ್ಲ. ಪ್ರೀತಿ ಇರುವವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅದರಿಂದ ಕೈ ಪಳಗುವುದಿಲ್ಲ. ಒಂದು ಪುಸ್ತಕ ತುಂಬಿದ ಮೇಲೆ ಚಿತ್ರ ಬಲ್ಲವರೊಬ್ಬರನ್ನು ಹುಡುಕಿ, ಎಲ್ಲಿ ತಪ್ಪಿದೆ ಅಂತ ಮುಲಾಜಿಲ್ಲದೆ ಹೇಳುವಂಥವರನ್ನು.