ನಲವತ್ತೆಂಟಕ್ಕೆ ಏಸಿ ಮೆಕ್ಯಾನಿಕ್ ಆಗಬಹುದಾ?

ಪ್ರಶ್ನೆ: ನನಗೆ 48. ಇಪ್ಪತ್ತು ವರ್ಷ ಮಾರ್ಕೆಟಿಂಗ್‌ನಲ್ಲಿದ್ದು ಕೆಲಸ ಬಿಟ್ಟಿದ್ದೇನೆ. ಹದಿನೈದು ದಿನದ ಏಸಿ ರಿಪೇರಿ ಕೋರ್ಸ್ ಇದೆಯಂತೆ, ಮುಗಿಸಿದ ತಿಂಗಳಿಂದಲೇ ಅರ್ಧ ಲಕ್ಷ ಸಂಪಾದನೆ ಅಂತಾರೆ. ಸೇರಿಕೊಂಡು ಅಂಗಡಿ ಹಾಕಲಾ?

ಉತ್ತರ: ಈ ಬೇಸಿಗೆಯಲ್ಲಿ ಇದೇ ಪ್ರಶ್ನೆ ಎಷ್ಟನೇ ಸಲವೋ. ಅಂಗಡಿ ಈಗಲೇ ಬೇಡ. ಕೋರ್ಸ್ ಬೇಕಾದರೆ ಮಾಡಿ. ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ಒಬ್ಬೊಬ್ಬರಿಗೆ ಎಷ್ಟು ಅಡಿ ತಾಮ್ರದ ಪೈಪು ಕೊಡ್ತೀರಿ? ತಡವರಿಸಿದರೆ ಎದ್ದು ಬನ್ನಿ. ಅಲ್ಲಿ ಗೋಡೆ ಮೇಲೆ ಕಂಪ್ರೆಸರ್ ಚಿತ್ರ ತೋರಿಸಿ ಸರ್ಟಿಫಿಕೇಟ್ ಕೊಡ್ತಾರೆ, ಅಷ್ಟೇ.

ಪೈಪು ಯಾಕೆ ಅಂದರೆ, ಫ್ಲೇರ್, ಅಂದರೆ ನಟ್ ಹಾಕಿ ಜೋಡಿಸೋಕೆ ಪೈಪಿನ ಬಾಯಿ ಅರಳಿಸೋದು, ಕೈಗೆ ಹತ್ತಬೇಕು. ಕಾಲಿಂಚಿನ ಪೈಪನ್ನು ಕಟರ್‌ನಲ್ಲಿ ನಿಧಾನ ಸುತ್ತಿ ಕತ್ತರಿಸಬೇಕು. ಬಾಯಿ ಕೆಳಗೆ ಮಾಡಿ ಒಳಗಿನ ಚೂಪು ಕೆರೆಯಬೇಕು, ಇಲ್ಲಾಂದ್ರೆ ತಾಮ್ರದ ಪುಡಿ ಒಳಗೇ ಉಳಿಯುತ್ತದೆ. ನಟ್ ತೂರಿಸಿ ಆಮೇಲೆ ಅರಳಿಸಬೇಕು. ಹೊಸಬರು ಮರೆಯೋದೇ ನಟ್ಟನ್ನು. ಚೆಂದದ ಫ್ಲೇರ್ ಮಾಡಿ, ನಟ್ ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತಿರುತ್ತಾರೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗ್ಯಾಸ್ ಹೋಗುತ್ತದೆ. ನಲವತ್ತು ದಾಟಿದ ಕಣ್ಣಿಗೆ ಆ ಬಿರುಕು ಕಾಣುವುದು ಕಷ್ಟ. ಓದುವ ಕನ್ನಡಕ ಟೂಲ್ ಬ್ಯಾಗಿನಲ್ಲೇ ಇರಲಿ.

ಮೊದಲ ಒಂದು ಬೇಸಿಗೆ ಯಾರ ಕೈಕೆಳಗಾದರೂ ದುಡಿಯಿರಿ. ನಿಮ್ಮ ಮೇಸ್ತ್ರಿಗೆ ಇಪ್ಪತ್ತಾರು ವರ್ಷ ಇರಬಹುದು. ನಿಮ್ಮನ್ನು ಅಂಕಲ್ ಅಂತ ಕರೆದು ಟೀ ತರೋಕೆ ಕಳಿಸುತ್ತಾನೆ. ಹೋಗಿ ತನ್ನಿ. ಇದು ಆಗಲ್ಲ ಅಂದರೆ ಈ ಕೆಲಸವೂ ಆಗಲ್ಲ. ಬೆಂಗಳೂರಲ್ಲಿ ಫೆಬ್ರವರಿ ಕೊನೆಯಿಂದ ಮೇವರೆಗೆ ಊಟಕ್ಕೂ ಪುರುಸೊತ್ತಿರಲ್ಲ. ಮಳೆ ಹಿಡಿದರೆ ಫೋನ್ ತಣ್ಣಗೆ. ಆಗ ಅನ್ನ ಹಾಕೋದು ಫ್ರಿಜ್ಜು, ವಾಷಿಂಗ್ ಮಷೀನು. ಅವನ್ನೂ ಕಲಿಯಿರಿ. ಆರು ತಿಂಗಳ ಮನೆ ಖರ್ಚು ಮುಟ್ಟದೆ ಇಟ್ಟುಕೊಳ್ಳಿ.

ಇನ್ನು ನನಗೆ ಸಿಟ್ಟು ಬರುವ ವಿಷಯ. ಪಂಪ್ ಹೊರುವುದು ಯಾರು ಅಂತ ವ್ಯಾಕ್ಯೂಮ್ ಮಾಡದೆ, ಅಂದರೆ ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ಎಳೆದು ತೆಗೆಯದೆ, ಸ್ವಲ್ಪ ಗ್ಯಾಸ್ ಬುಸ್ ಅಂತ ಬಿಟ್ಟು ಪೈಪಿನ ಗಾಳಿ ಓಡಿಸುವವರಿದ್ದಾರೆ. ಅದನ್ನೇ ಶಿಷ್ಯರಿಗೂ ಕಲಿಸುತ್ತಾರೆ. ಗಾಳಿ ಹೋದರೂ ತೇವ ಒಳಗೇ ಉಳಿದು ಕಂಪ್ರೆಸರನ್ನು ಮೆಲ್ಲಗೆ ತಿನ್ನುತ್ತದೆ. ಈಗಿನ ಎಷ್ಟೋ ಏಸಿಗಳಲ್ಲಿರುವುದು ಆರ್32 ಅನ್ನೋ ಗ್ಯಾಸ್. ಹಳೆಯ ಆರ್22ಕ್ಕಿಂತ ಒತ್ತಡ ಜಾಸ್ತಿ, ಮೇಲಾಗಿ ಬೆಂಕಿ ಹತ್ತುವ ಗ್ಯಾಸ್. ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದ್ದರೆ? ಸ್ವಿಚ್ ಆಫ್ ಮಾಡಿದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ಇದನ್ನು ಹೇಳಿಕೊಡದ ಗುರುವಿನ ಹತ್ತಿರ ಒಂದು ದಿನವೂ ನಿಲ್ಲಬೇಡಿ.

ನನ್ನ ಇನ್ನೊಂದು ಭಯ ಹೇಳಿಬಿಡುತ್ತೇನೆ. ನನ್ನ ನಲವತ್ತಮೂರನೇ ವಯಸ್ಸಲ್ಲಿ ಮೊದಲ ಮಹಡಿಯ ಸಜ್ಜಾ ಮೇಲಿಂದ ಜಾರಿದೆ. ಕೆಳಗೆ ಮರಳು ಗುಡ್ಡೆ ಇತ್ತು, ಬರೀ ಕೈ ಮುರಿಯಿತು. ಅವತ್ತಿಂದ ಸೊಂಟಕ್ಕೆ ಬೆಲ್ಟ್ ಇಲ್ಲದೆ ಸಜ್ಜಾ ಮೇಲೆ ಕಾಲಿಡಲ್ಲ. ಗಿರಾಕಿ ನಕ್ಕರೂ ಸರಿ, ಬೇರೆಯವರನ್ನು ಕರೆದರೂ ಸರಿ. ಔಟ್‌ಡೋರ್ ಯೂನಿಟ್ ಒಬ್ಬರೇ ಎತ್ತುವುದೂ ಬೇಡ.

ಒಂದು ವಿಷಯದಲ್ಲಿ ಮಾತ್ರ ನೀವೇ ಮೇಲು. ಹುಡುಗರು ಬಂದವರೇ ಗ್ಯಾಸಿನ ಒತ್ತಡ ನೋಡುವ ಗೇಜ್ ಹಚ್ಚುತ್ತಾರೆ. ನೀವು ಇಪ್ಪತ್ತು ವರ್ಷ ಗಿರಾಕಿ ಮಾತು ಕೇಳಿದವರು. 'ಯಾವಾಗಿಂದ ತಣ್ಣಗಾಗ್ತಿಲ್ಲಮ್ಮಾ?' ಅಂತ ಕೇಳಿದರೆ ಸಾಕು, 'ಪಕ್ಕದ ಗೋಡೆ ಒಡೆದಾಗಿಂದ' ಅನ್ನುತ್ತಾರೆ. ಫಿಲ್ಟರ್ ತೆಗೆದರೆ ಸಿಮೆಂಟ್ ಧೂಳು.

ಪ್ರಶ್ನೆ: ಏಸಿ ಕೆಲಸಕ್ಕೆ ಪಿಎಂ ವಿಶ್ವಕರ್ಮ ಸಾಲ ಸಿಗುತ್ತಾ?

ಉತ್ತರ: ಇಲ್ಲ. ಅದು ಕೇಂದ್ರ ಸರ್ಕಾರದ ಯೋಜನೆ, ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಹೀಗೆ 18 ಸಾಂಪ್ರದಾಯಿಕ ಕಸುಬುಗಳಿಗೆ. ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವನನ್ನು ಬಾಗಿಲಲ್ಲೇ ಕಳಿಸಿ.

ಪ್ರಶ್ನೆ: ಈ ವಯಸ್ಸಲ್ಲಿ ಐಟಿಐ ಸೇರಬಹುದಾ?

ಉತ್ತರ: ಸೇರಬಹುದು. ಎರಡು ವರ್ಷ ಮನೆ ನಡೆಸುವವರು ಯಾರು ಅಂತ ಮೊದಲು ಹೇಳಿ.

ಪ್ರಶ್ನೆ: ವರ್ಷಕ್ಕೊಮ್ಮೆ ಗ್ಯಾಸ್ ತುಂಬುವ ಕಾಂಟ್ರಾಕ್ಟ್ ಹಿಡಿದರೆ ಒಳ್ಳೆ ಲಾಭ ಅಲ್ವಾ?

ಉತ್ತರ: ಗ್ಯಾಸ್ ಏನು ಪೆಟ್ರೋಲಾ, ಓಡಿದಷ್ಟೂ ಖಾಲಿಯಾಗೋಕೆ? ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋಪಿನ ನೊರೆ ಹಚ್ಚಿ ಹುಡುಕಿ.