ಹುಮನಾಬಾದಿನ ಹಿತ್ತಿಲಲ್ಲಿ ಚೆರ್ರಿ

ಪ್ರಶ್ನೆ: ಮೂರು ವರ್ಷದ ಹಿಂದೆ ಜಾತ್ರೆಯಲ್ಲಿ ‘ಕಾಶ್ಮೀರಿ ಚೆರ್ರಿ’ ಎಂದು ಹೇಳಿ ಒಬ್ಬರು ಎರಡು ಸಸಿ ಕೊಟ್ಟರು. ಒಂದಕ್ಕೆ 400 ರೂಪಾಯಿ. ಒಂದು ಮೊದಲ ಬೇಸಿಗೆಗೇ ಒಣಗಿತು. ಇನ್ನೊಂದು ಈ ವರ್ಷ ಹಣ್ಣು ಬಿಟ್ಟಿದೆ. ಕೆಂಪಗಿವೆ, ಆದರೆ ಹುಳಿ, ಮೇಲೆ ರಾಳದ ವಾಸನೆ. ಯಾವ ಗೊಬ್ಬರ ಹಾಕಿದರೆ ಸಿಹಿಯಾಗುತ್ತದೆ? ಫೋಟೊ ಕಳಿಸಿದ್ದೇನೆ.
– ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ಗುರುಗಳೇ, ಫೋಟೊ ದೊಡ್ಡದು ಮಾಡಿ ಹಣ್ಣಿನ ಮೈಮೇಲಿನ ಏಣುಗಳನ್ನು ಎಣಿಸಿದೆ. ಎಂಟಿವೆ. ಬೆರಳ ತುದಿಯಷ್ಟು ಕುಂಬಳಕಾಯಿಯಂತಿರುವ ಅದು ಸುರಿನಾಮ್ ಚೆರ್ರಿ. ದಕ್ಷಿಣ ಅಮೆರಿಕದ ಗಿಡ. ನಮ್ಮ ಪೇರಲ, ನೇರಳೆಗೆ ನೆಂಟ. ಕಾಶ್ಮೀರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಗೊಬ್ಬರದ ಮಾತು ಬಿಡಿ. ಹಣ್ಣು ಕಡುಗೆಂಪಾಗಿ, ಮುಟ್ಟಿದ ಕೂಡಲೇ ಕೈಗೆ ಬೀಳುವವರೆಗೆ ಕಾಯಿರಿ. ರಾಳದ ವಾಸನೆ ಬಹಳಷ್ಟು ಇಳಿಯುತ್ತದೆ.

ನಿಜವಾದ ಸಿಹಿ ಚೆರ್ರಿಯನ್ನು ಹಣ್ಣಿಲ್ಲದೆಯೂ ಗುರುತಿಸಬಹುದು. ಎಲೆಯ ಅಂಚು ಗರಗಸದಂತಿರುತ್ತದೆ. ತೊಟ್ಟು ಎಲೆಗೆ ಸೇರುವ ಕಡೆ ಸಾಸಿವೆಗಿಂತ ಚಿಕ್ಕ ಕೆಂಪು ಗಂಟುಗಳು, ಸಾಮಾನ್ಯವಾಗಿ ಎರಡು, ಕಾಣಿಸುತ್ತವೆ. ಮುಂದಿನ ಸಲ ಜಾತ್ರೆಯಲ್ಲಿ ಯಾರಾದರೂ ಚೆರ್ರಿ ಎಂದರೆ ಮೊದಲು ಆ ತೊಟ್ಟನ್ನು ತೋರಿಸಲು ಹೇಳಿ.

ಗಂಟು ಕಂಡರೂ ತರಬೇಡಿ ಎಂದೇ ನನ್ನ ಸಲಹೆ. ಈ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. 7 ಡಿಗ್ರಿಗಿಂತ ಕೆಳಗಿನ ತಂಪು ಸುಮಾರು 800ರಿಂದ 1,200 ಗಂಟೆ ಸಿಗದಿದ್ದರೆ ಹೆಚ್ಚಿನ ತಳಿಗಳು ಸರಿಯಾಗಿ ಹೂ ಬಿಡುವುದಿಲ್ಲ. ಕಲಬುರಗಿಯ ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ ಕಡೆ ಒಮ್ಮೊಮ್ಮೆ ಹತ್ತರ ಕೆಳಗೆ ಇಳಿದರೂ ಬೆಳಿಗ್ಗೆ ಹತ್ತು ಗಂಟೆಗೆ ಸ್ವೆಟರ್ ಕಳಚುತ್ತೀರಿ. ಮರಕ್ಕೂ ಅದೇ ಬಿಸಿಲು. ರಾತ್ರಿ ಕೂಡಿಸಿದ ತಂಪು ಹಗಲಿಗೆ ಖರ್ಚಾಗುತ್ತದೆ. ಬಯಲು ಸೀಮೆಯಲ್ಲಿ ಸೇಬು ಬೆಳೆದವರಿದ್ದಾರಲ್ಲ ಎನ್ನುತ್ತೀರಿ. ಹೌದು, ಕಡಿಮೆ ಚಳಿ ಸಾಕೆನ್ನುವ ಸೇಬಿನ ತಳಿ ಇವೆ. ಚೆರ್ರಿಯಲ್ಲಿ ಅಂಥವೆಂದು ಕರೆಸಿಕೊಳ್ಳುವವಕ್ಕೂ ನೂರಾರು ಗಂಟೆ ಬೇಕು.

ಒಂಟಿ ಗಿಡದ ತೊಂದರೆ ಬೇರೆ. ಚೆರ್ರಿ ತಳಿಗಳಲ್ಲಿ ಗೋತ್ರದಂತೆ ಬೆಡಗು ಇದೆ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ಹೆಚ್ಚಿನ ತಳಿಗಳು ತಮ್ಮದೇ ಪರಾಗ ಒಪ್ಪುವುದಿಲ್ಲ, ಒಂದೇ ಬೆಡಗಿನವು ಒಂದಕ್ಕೊಂದು ಕೂಡುವುದಿಲ್ಲ. 1870ರ ದಶಕದಲ್ಲಿ ಅಮೆರಿಕದ ಒರೆಗಾನಿನಲ್ಲಿ ಹುಟ್ಟಿದ ಪ್ರಸಿದ್ಧ ಬಿಂಗ್ ತಳಿ, ಲ್ಯಾಂಬರ್ಟ್, ನೆಪೋಲಿಯನ್ ಮೂರೂ ಒಂದೇ ಬೆಡಗು. ಮೂರನ್ನೇ ನೂರು ಎಕರೆ ನೆಟ್ಟರೂ ತುಂಬ ಹೂ, ಬರಿಗೈ. ಹೂ ಬಿಡುವ ಹೊತ್ತು ಹೊಂದುವ ಬೇರೆ ಬೆಡಗಿನ ಮರ ನಡುವೆ ಇರಬೇಕು, ಜೇನು ಓಡಾಡಬೇಕು. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಪರಾಗಕ್ಕೆ ಎಕ್ಸ್-ರೇ ಹಾಯಿಸಿ ಈ ಕಟ್ಟು ಮುರಿದರು. ಆ ಗುಣವನ್ನು ತೆಗೆದುಕೊಂಡು ಕೆನಡಾದ ಸಮ್ಮರ್‌ಲ್ಯಾಂಡ್ ಕೇಂದ್ರ 1960ರ ದಶಕದ ಕೊನೆಗೆ ಸ್ಟೆಲ್ಲಾ ಎಂಬ ತಳಿ ತಂದಿತು. ಅದು ಒಂಟಿಯಾಗಿಯೂ ಕಾಯಿ ಕಟ್ಟುತ್ತದೆ. ಆಮೇಲೆ ಬಂದ ಎಷ್ಟೋ ತಳಿಗಳು ಅದರ ಮಕ್ಕಳು, ಮೊಮ್ಮಕ್ಕಳು.

ಮಗ ಹಿಮಾಚಲದಲ್ಲಿ ಕೆಲಸದಲ್ಲಿದ್ದಾಗ ಒಂದು ಜೂನ್‌ನಲ್ಲಿ ನಾರ್ಕಂಡಾಕ್ಕೆ ಹೋಗಿದ್ದೆ. 2,700 ಮೀಟರ್ ಎತ್ತರ. ನಮ್ಮ ಬೀದರ್ ಅದರ ಕಾಲು ಭಾಗ. ಪೇರಲ ಕಿತ್ತಂತೆ ಹಣ್ಣು ಹಿಡಿದು ಜಗ್ಗಿದೆ. ತೋಟದ ಹೆಣ್ಣುಮಗಳು ನನ್ನ ಕೈಗೆ ಮೆಲ್ಲನೆ ಹೊಡೆದಳು. ತೊಟ್ಟಿನ ಬುಡ ಹಿಡಿದು ಮೇಲಕ್ಕೆ ತಿರುವಬೇಕಂತೆ. ಜಗ್ಗಿದರೆ ಬುಡದ ಗಿಡ್ಡ ಕೊಂಬೆಯೇ ಮುರಿದು ಮುಂದಿನ ವರ್ಷಗಳ ಹಣ್ಣೂ ಹೋಗುತ್ತದೆ. ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಹಣ್ಣುಗಳು ತೊಟ್ಟಿನ ಸುತ್ತ ಬಳೆಯಂತೆ ಸೀಳಿದ್ದವು. ನಮ್ಮ ದಾಳಿಂಬೆ ಸೀಳುವುದು ಹೆಚ್ಚಾಗಿ ಬೇರಿನ ನೀರು ಏರುಪೇರಾದಾಗ. ಚೆರ್ರಿಯ ತೆಳು ಸಿಪ್ಪೆ ಮೈಮೇಲೆ ನಿಂತ ನೀರನ್ನೂ ಕುಡಿಯುತ್ತದೆ. ಅಮೆರಿಕದಲ್ಲಿ ಮಳೆ ನಿಂತ ಕೂಡಲೇ ತೋಟದ ಮೇಲೆ ಹೆಲಿಕಾಪ್ಟರ್ ಹಾರಿಸಿ ನೀರು ಕೊಡವುವುದು ಇದಕ್ಕೇ.

ಪ್ರಶ್ನೆ: ಅಣ್ಣಾ, ಸೂಪರ್ ಮಾರ್ಕೆಟ್ ಹತ್ತಿರ ಒಂದು ಡಬ್ಬಿ ಚೆರ್ರಿ ತಂದೆ. ಮೇಲಿನವು ಕೆಂಪು, ಕೆಳಗಿನವು ಹಳದಿ ಮಿಶ್ರಿತ, ಹುಳಿ. ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಇಟ್ಟರೂ ಹಣ್ಣಾಗಲಿಲ್ಲ. ಕೆಲವು ಜೋಡಿಯಾಗಿ ಅಂಟಿಕೊಂಡಿದ್ದವು. ತಿನ್ನಬಹುದೇ?
– ಗೃಹಿಣಿ, ಕಲಬುರಗಿ

ಉತ್ತರ: ತಂಗಿ, ಮಾವಿನ ಉಪಾಯ ಇಲ್ಲಿ ನಡೆಯದು. ಚೆರ್ರಿ ಮರದಿಂದ ಕಿತ್ತ ಮೇಲೆ ಸಿಹಿ ಕೂಡಿಸಿಕೊಳ್ಳುವುದಿಲ್ಲ. ಅಕ್ಕಿಯಲ್ಲಿ ಬಾಡುತ್ತದೆ, ಅಷ್ಟೇ. ಜೋಡಿ ಹಣ್ಣು ರೋಗವಲ್ಲ, ಧಾರಾಳವಾಗಿ ತಿನ್ನಿ. ಹಿಂದಿನ ಬೇಸಿಗೆಯಲ್ಲಿ ಮೊಗ್ಗು ಒಳಗೇ ರೂಪುಗೊಳ್ಳುವಾಗ ಬಿಸಿಲು ವಿಪರೀತವಾದರೆ ಒಂದೇ ಹೂವಿನಲ್ಲಿ ಎರಡು ಅಂಡಾಶಯ ಮೂಡುತ್ತವೆ. ನೀವು ಈ ವರ್ಷ ತಿಂದದ್ದು ಹೋದ ವರ್ಷದ ಸೆಕೆಯನ್ನು. ಕಾಶ್ಮೀರದಲ್ಲಿ ‘ಡಬಲ್’ ಎಂಬ ತಳಿಯೂ ಇದೆ, ಅದು ಬೇರೆ.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ತೊಟ್ಟು ನೋಡಿ. ಹಸಿರಾಗಿ ತುಂಬಿಕೊಂಡಿದ್ದರೆ ಹೊಸದು, ಕಂದಾಗಿ ನೂಲಿನಂತಾಗಿದ್ದರೆ ಹಳತು. ಡಬ್ಬಿಯನ್ನು ಬೋರಲು ಹಿಡಿದು ಕೆಳಗಿನ ಸಾಲನ್ನೂ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಾಶ್ಮೀರದ ಮಾಲು ಮೇ ಮಧ್ಯದಿಂದ ಬರತೊಡಗುತ್ತದೆ. ಗಟ್ಟಿ ಬೇಕಾದರೆ ಮಿಶ್ರಿ ತಳಿ ಕೇಳಿ. ತೊಳೆಯದೆ ಫ್ರಿಜ್‌ನಲ್ಲಿಡಿ, ತಿನ್ನುವಾಗ ತೊಳೆಯಿರಿ.

ಪ್ರಶ್ನೆ: ಬೇಕರಿಯ ಕೇಕಿನ ಮೇಲಿನ ಚೆರ್ರಿಯೂ ಕಾಶ್ಮೀರದ್ದೇ?
– ಕಾಲೇಜು ವಿದ್ಯಾರ್ಥಿ, ಶಹಾಪುರ

ಉತ್ತರ: ನಮ್ಮಲ್ಲಿ ಅದು ಬಹುತೇಕ ಕವಳೆ ಹಣ್ಣು, ಮಗು. ಮುಳ್ಳುಪೊದೆಯ ಹುಳಿ ಕಾಯಿಯ ಬೀಜ ತೆಗೆದು, ಬಣ್ಣ ಕೊಟ್ಟು, ಸಕ್ಕರೆ ಪಾಕದಲ್ಲಿ ಊರಿಸುತ್ತಾರೆ. ಪಾನ್‌ನಲ್ಲಿ ಚುಚ್ಚುವುದೂ ಅದನ್ನೇ. ಹುಮನಾಬಾದಿನ ಗುರುಗಳು ಒಣಗಿದ ಸಸಿಯ ಗುಂಡಿಯಲ್ಲಿ ಇದನ್ನು ನೆಡಬಹುದು. ಚಳಿಯ ಲೆಕ್ಕ ಬೇಡ, ನೀರು ಕಡಿಮೆ ಸಾಕು, ಮುಳ್ಳಿಗೆ ಹೆದರಿ ದನ ಹತ್ತಿರ ಬರುವುದಿಲ್ಲ. ಪಂತನಗರ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್ ಎಂಬ ತಳಿಗಳಿವೆ. ಕಾಯಿ ಕಿತ್ತಲ್ಲಿ ಬಿಳಿ ಹಾಲು ಒಸರುತ್ತದೆ, ಅಂಗಿಗೆ ತಾಗಿಸಿಕೊಳ್ಳಬೇಡಿ.